ಯಾವ ಪೋರ್ಟು? ಬೈತಕೋಲದಿಂದ ಮೊಬೈಲಿನವರೆಗೆ ಒಂದು ಪದದ ಜಾಡು

ಮಳೆಗಾಲ ಮುಗಿದು ಮೀನುದೋಣಿಗಳು ಮತ್ತೆ ನೀರಿಗಿಳಿದ ಮೇಲೆ ಕಾರವಾರದಲ್ಲಿ ಯಾರಾದರೂ "ಪೋರ್ಟಿಗೆ ಹೋಗಿ ಬರುತ್ತೇನೆ" ಎಂದರೆ ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಅದು ಬೈತಕೋಲದ ಬಂದರೇ ಎಂದು ಎಲ್ಲರಿಗೂ ಗೊತ್ತು. ಅದೇ ಮನುಷ್ಯ ಸಂಜೆ ಪೇಟೆಯ ಮೊಬೈಲ್ ಅಂಗಡಿಯಲ್ಲಿ ನಿಂತು "ಪೋರ್ಟ್ ಹೋಗಿದೆ, ಚಾರ್ಜ್ ಆಗುತ್ತಿಲ್ಲ" ಎನ್ನಬಹುದು. ಅಂಗಡಿಯವನು ಫೋನನ್ನು ತಿರುಗಿಸಿ ನೋಡುತ್ತ "ಸಿಮ್ಮನ್ನೂ ಪೋರ್ಟ್ ಮಾಡಿಸಿಬಿಡಿ, ನಿಮ್ಮ ಊರ ಕಡೆ ಇದಕ್ಕೆ ಸಿಗ್ನಲ್ ಇಲ್ಲ" ಎಂದು ಸಲಹೆ ಕೊಡಬಹುದು. ಗೋವೆಯಿಂದ ಬಂದ ನೆಂಟರ ಚೀಲದಲ್ಲಿ ಪೋರ್ಟ್ ವೈನಿನ ಬಾಟಲಿಯೊಂದು ಇರಬಹುದು. ಅರಗದ ನೌಕಾನೆಲೆಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯವರಿಗೆ ಪೋರ್ಟ್ ಎಂದರೆ ಹಡಗಿನ ಎಡಮಗ್ಗುಲು. ಹೀಗೆ ಒಂದೇ ಊರಿನಲ್ಲಿ, ಒಂದೇ ದಿನದಲ್ಲಿ, ಒಂದೇ ಉಚ್ಚಾರದ ಐದು ಪೋರ್ಟುಗಳು ನಮ್ಮ ಕಿವಿಗೆ ಬೀಳುತ್ತವೆ, ಮತ್ತು ನಾವು ಒಮ್ಮೆಯೂ ಎಡವದೆ ಅವನ್ನು ಅರ್ಥಮಾಡಿಕೊಳ್ಳುತ್ತೇವೆ.

ಇಂಥ ಪದ ಎದುರಾದಾಗ ಮೊದಲು ಕೇಳಬೇಕಾದ ಪ್ರಶ್ನೆ, ಇದು ಹಲವು ಅರ್ಥಗಳಿರುವ ಒಂದು ಪದವೋ ಅಥವಾ ಒಂದೇ ರೂಪ ತಳೆದಿರುವ ಹಲವು ಪದಗಳೋ ಎಂಬುದು. ಕನ್ನಡದಲ್ಲಿ ಎರಡೂ ಬಗೆಯವು ಇವೆ. ‘ಅಡಿ’ ಎಂದರೆ ಪಾದ. ಪಾದ ದೇಹದ ಕೆಳತುದಿಯಾದ್ದರಿಂದ ಯಾವುದೇ ವಸ್ತುವಿನ ತಳವೂ ಅಡಿಯಾಯಿತು, ಪಾದದ ಉದ್ದವನ್ನು ಅಳತೆಗೆ ಹಿಡಿದದ್ದರಿಂದ ಹನ್ನೆರಡು ಇಂಚೂ ಅಡಿಯಾಯಿತು. ಇಲ್ಲಿ ಬೇರು ಒಂದು, ಕೊಂಬೆಗಳು ಹಲವು. ‘ಕರಿ’ ಹಾಗಲ್ಲ. ಕಪ್ಪು ಎಂಬ ಅರ್ಥದ ಕರಿ ಅಚ್ಚ ಕನ್ನಡದ್ದು. ಆನೆ ಎಂಬ ಅರ್ಥದ ಕರಿ ಸಂಸ್ಕೃತದ್ದು, ಕರ ಎಂದರೆ ಸೊಂಡಿಲು ಉಳ್ಳದ್ದು ಎಂಬುದರಿಂದ ಹುಟ್ಟಿದ್ದು. ಆನೆ ಕಪ್ಪಗಿರುವುದು ಇಲ್ಲಿ ಬರಿಯ ಕಾಕತಾಳೀಯ. ‘ಪೋರ್ಟ್’ ಇವೆರಡರ ನಡುವೆ ನಿಲ್ಲುವ ಪದ. ಇಂಗ್ಲಿಷಿನ ದೊಡ್ಡ ನಿಘಂಟುಗಳು ಅದನ್ನು ಬೇರೆ ಬೇರೆ ನಮೂದುಗಳಾಗಿ ಒಡೆದು ಒಂದೊಂದಕ್ಕೂ ಸಂಖ್ಯೆ ಹಾಕುತ್ತವೆ. ಆದರೆ ಆ ನಮೂದುಗಳ ಜಾಡು ಹಿಡಿದು ಹಿಂದೆ ಹಿಂದೆ ಹೋದರೆ ಎಲ್ಲವೂ ಒಂದೇ ಮನೆಯ ಅಂಗಳಕ್ಕೆ ಬಂದು ಸೇರುತ್ತವೆ.

ಆ ಮನೆ ಲ್ಯಾಟಿನ್. ಅಲ್ಲಿ ಮೂವರು ಒಡಹುಟ್ಟಿದವರಿದ್ದಾರೆ: ‘ಪೋರ್ಟುಸ್’ ಎಂದರೆ ಬಂದರು, ‘ಪೋರ್ಟಾ’ ಎಂದರೆ ಬಾಗಿಲು ಅಥವಾ ಕೋಟೆಯ ದ್ವಾರ, ‘ಪೋರ್ಟಾರೆ’ ಎಂದರೆ ಹೊತ್ತೊಯ್ಯುವುದು. ಲ್ಯಾಟಿನಿನಲ್ಲಿ ಇವು ಕೊನೆಯ ಪ್ರತ್ಯಯದಿಂದಲೇ ಬೇರೆಬೇರೆಯಾಗಿ ಕಾಣುತ್ತಿದ್ದವು. ಇಂಗ್ಲಿಷಿಗೆ ಬರುವಷ್ಟರಲ್ಲಿ, ಕೆಲವು ನೇರವಾಗಿ, ಕೆಲವು ಫ್ರೆಂಚಿನ ಮೂಲಕ, ಬಾಲವೆಲ್ಲ ಸವೆದು ಮೂರೂ ‘ಪೋರ್ಟ್’ ಎಂಬ ಒಂದೇ ಬೊಡ್ಡೆಯಾಗಿ ಉಳಿದವು. ನಾವು ಇಂದು ಕಾಣುವ ಗೊಂದಲಕ್ಕೆಲ್ಲ ಈ ಸವೆತವೇ ಕಾರಣ.

ಮೂರಕ್ಕೂ ತಾಯಿಬೇರು ಇನ್ನೂ ಹಿಂದಿನದು. ಇಂಡೋ-ಯುರೋಪಿಯನ್ ಭಾಷೆಗಳ ಮೂಲರೂಪವನ್ನು ಊಹಿಸಿ ಕಟ್ಟುವ ವಿದ್ವಾಂಸರು ಇದನ್ನು ‘ಪೆರ್’ ಎಂದು ಗುರುತಿಸುತ್ತಾರೆ. ದಾಟು, ದಾಟಿಸು, ಹಾಯ್ದು ಹೋಗು ಎಂಬುದು ಅದರ ಅರ್ಥ. ಈ ಬೇರಿನ ‘ಪ’ಕಾರ ಲ್ಯಾಟಿನಿನಲ್ಲಿ ಹಾಗೆಯೇ ಉಳಿಯಿತು, ಇಂಗ್ಲಿಷ್, ಜರ್ಮನ್ ಮೊದಲಾದ ಜರ್ಮಾನಿಕ್ ಭಾಷೆಗಳಲ್ಲಿ ‘ಫ’ಕಾರವಾಯಿತು. ಯಾಕೋಬ್ ಗ್ರಿಮ್ 1822ರಲ್ಲಿ ನಿಯಮವಾಗಿ ವಿವರಿಸಿದ ಪಲ್ಲಟ ಇದೇ: ಲ್ಯಾಟಿನಿನ ‘ಪಾತೆರ್’ ಇಂಗ್ಲಿಷಿನಲ್ಲಿ ‘ಫಾದರ್’, ಅಲ್ಲಿಯ ‘ಪಿಸ್ಕಿಸ್’ ಇಲ್ಲಿ ‘ಫಿಶ್’. ಆದ್ದರಿಂದ ಹೊಳೆಯನ್ನು ಕಾಲ್ನಡಿಗೆಯಲ್ಲಿ ದಾಟುವ ಕಡವಿಗೆ ಇಂಗ್ಲಿಷಿನಲ್ಲಿರುವ ‘ಫೋರ್ಡ್’ ಎಂಬ ಪದವೂ, ದಾಟಿಸುವ ದೋಣಿಯಾದ ‘ಫೆರ್ರಿ’ಯೂ ಪೋರ್ಟಿನ ದೂರದ ದಾಯಾದಿಗಳು. ಆಕ್ಸ್‌ಫರ್ಡ್ ಎಂದರೆ ಎತ್ತುಗಳು ದಾಟುವ ಕಡವು. ಅದರ ಬಾಲಕ್ಕೂ ಬೈತಕೋಲದ ಪೋರ್ಟಿಗೂ ರಕ್ತಸಂಬಂಧವಿದೆ.

ನಮಗೆ ಇನ್ನೂ ಹತ್ತಿರದ ನಂಟೊಂದಿದೆ. ಸಂಸ್ಕೃತದಲ್ಲಿ ಆಚೆಯ ದಡಕ್ಕೆ ‘ಪಾರ’ ಎನ್ನುತ್ತಾರೆ, ದಾಟಿಸುವುದಕ್ಕೆ ‘ಪಾರಯತಿ’ ಎನ್ನುತ್ತಾರೆ. ಎರಡೂ ಇದೇ ಬೇರಿನವು. ಅದನ್ನು ಎರವಲು ಪಡೆದು ನಾವು ‘ಪಾರು ಮಾಡು’, ‘ಪಾರಾಗು’ ಎಂದು ಮನೆಮಾತಾಗಿಸಿಕೊಂಡಿದ್ದೇವೆ. ಆಚೆ ದಡವೇ ಕಾಣದಷ್ಟು ಇರುವುದು ‘ಅಪಾರ’. ಒಂದು ವಿದ್ಯೆಯ ಆಚೆ ದಡ ಮುಟ್ಟಿದವನು ‘ಪಾರಂಗತ’. ಕಾಳಿ ನದಿಯ ಈಚೆ ನಿಂತು ಸದಾಶಿವಗಡದ ಕಡೆ ನೋಡಿ ‘ಪಾರ’ ಎಂದವನೂ, ಟೈಬರ್ ನದಿಯ ದಂಡೆಯಲ್ಲಿ ‘ಪೋರ್ಟುಸ್’ ಎಂದವನೂ ಒಂದೇ ಬೇರಿನ ಪದವನ್ನು ಆಡಿದರು ಎಂಬುದು ನನಗಂತೂ ಪ್ರತಿ ಸಲ ನೆನೆದಾಗಲೂ ಬೆರಗು ಹುಟ್ಟಿಸುತ್ತದೆ. ಕನ್ನಡ ಬೇರೆಯೇ ಕುಟುಂಬದ ಭಾಷೆಯಾದ್ದರಿಂದ ನಮ್ಮ ಸ್ವಂತದ ‘ದಾಟು’ ಮತ್ತು ‘ರೇವು’ ಈ ಬಳಗಕ್ಕೆ ಸೇರುವುದಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು.

ಮೊದಲು ಬಂದರಿನ ಪೋರ್ಟು. ಇದು ನಾರ್ಮನ್ನರು ಇಂಗ್ಲೆಂಡಿಗೆ ಕಾಲಿಡುವ ಮೊದಲೇ, ಹಳೆಯ ಇಂಗ್ಲಿಷಿನ ಕಾಲದಲ್ಲೇ ಲ್ಯಾಟಿನಿನಿಂದ ಬಂದು ನೆಲೆಸಿತ್ತು. ಮುಂದೆ ಫ್ರೆಂಚಿನಿಂದ ಅದಕ್ಕೆ ಮತ್ತಷ್ಟು ಬಲ ಬಂತು. ಪೋರ್ಟ್ಸ್‌ಮತ್ ಎಂಬ ಊರಿನ ಹೆಸರಿನಲ್ಲಿ, ಏರ್‌ಪೋರ್ಟ್ ಎಂಬ ತೀರ ಈಚಿನ ಪದದಲ್ಲಿ ಇರುವುದು ಇದೇ. ನಮ್ಮ ಕರಾವಳಿಯಲ್ಲಿ ಇದೇ ಜಾಗದಲ್ಲಿ ಕೂತಿರುವ ‘ಬಂದರು’ ಎಂಬ ಪದವೂ ಹೊರಗಿನಿಂದ ಬಂದದ್ದೇ. ಇರಾನಿನ ಬಂದರ್ ಅಬ್ಬಾಸಿನಲ್ಲಿರುವ ಪಾರಸಿಯ ‘ಬಂದರ್’ ಅದು. ಹಿಂದೂ ಮಹಾಸಾಗರದ ಬಂದರುಗಳಲ್ಲಿ ಸುಂಕ ಮತ್ತು ಹಡಗುಗಳ ಉಸ್ತುವಾರಿ ನೋಡುತ್ತಿದ್ದ ಅಧಿಕಾರಿಗೆ ‘ಶಾಹಬಂದರ್’ ಎಂಬ ಪದವಿಯಿತ್ತು, ಅದರ ನೆನಪು ಭಟ್ಕಳದಲ್ಲಿ ಶಾಬಂದ್ರಿ ಎಂಬ ಅಡ್ಡಹೆಸರಾಗಿ ಇಂದಿಗೂ ಉಳಿದಿದೆ. ವ್ಯಾಪಾರದ ಪದಗಳು ವ್ಯಾಪಾರಿಗಳ ಹಿಂದೆಯೇ ಬರುತ್ತವೆ: ಅರಬ್ಬೀ ಸಮುದ್ರದಲ್ಲಿ ಪಾರಸಿ ಮಾತು ನಡೆಯುತ್ತಿದ್ದಾಗ ನಾವು ಬಂದರು ಎಂದೆವು, ಇಂಗ್ಲಿಷರು 1638ರಲ್ಲಿ ಕಾರವಾರದಲ್ಲಿ ಕೋಠಿ ತೆರೆದು ಮೆಣಸಿನ ವ್ಯಾಪಾರಕ್ಕೆ ಕೂತ ಮೇಲೆ, ನಿಧಾನವಾಗಿ, ಪೋರ್ಟ್ ಎಂದೆವು, ದೋಣಿ ಕಟ್ಟಿ ಮೀನು ಇಳಿಸುವವರು ಮಾತ್ರ ಇಂದಿಗೂ ಧಕ್ಕೆ ಎಂದೇ ಅನ್ನುತ್ತಾರೆ.

ಬಂದರಿನ ಪೋರ್ಟಿನಿಂದ ಹುಟ್ಟಿದ ಪದಗಳಲ್ಲಿ ನನ್ನ ದೃಷ್ಟಿಯಲ್ಲಿ ಅತ್ಯಂತ ಸುಂದರವಾದದ್ದು ‘ಆಪರ್ಚುನಿಟಿ’. ಕೆಲಸದ ಜಾಹೀರಾತುಗಳಲ್ಲಿ ಸವೆದು ಸಪ್ಪೆಯಾದ ಈ ಪದದ ಒಳಗೆ ಹಾಯಿಹಡಗೊಂದಿದೆ. ಲ್ಯಾಟಿನಿನ ‘ಒಬ್’ ಎಂದರೆ ಕಡೆಗೆ, ‘ಪೋರ್ಟುಸ್’ ಎಂದರೆ ಬಂದರು. ‘ಒಪ್ಪೋರ್ಟುನುಸ್’ ಎಂಬುದು ಹಡಗನ್ನು ಬಂದರಿನ ಕಡೆಗೆ ಒಯ್ಯುವ ಗಾಳಿಗೆ ಹೇಳುವ ಮಾತಾಗಿತ್ತು. ಹಾಯಿಯನ್ನು ನಂಬಿದವರಿಗೆ ಇದರ ಬೆಲೆ ಗೊತ್ತಿತ್ತು. ಗಾಳಿ ಸರಿಯಿದ್ದರೆ ಹೊತ್ತು ಮುಳುಗುವ ಮುನ್ನ ಧಕ್ಕೆ ಸೇರಬಹುದು. ಇಲ್ಲದಿದ್ದರೆ ಬಂದರು ಕಣ್ಣೆದುರಿಗೇ ಇದ್ದರೂ ಒಳಗೆ ಬರಲಾರದೆ ಹೊರಗಡಲಿನಲ್ಲೇ ರಾತ್ರಿ ಕಳೆಯಬೇಕು. ಬಂದರಿನ ಆಸರೆಯೇ ಇಲ್ಲದ ಸ್ಥಿತಿಗೆ ‘ಇಂಪೋರ್ಟುನುಸ್’ ಎಂದರು, ಅದರಿಂದ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಕಾಡುವುದನ್ನು ಹೇಳುವ ಇಂಗ್ಲಿಷ್ ಪದ ಬಂತು. ಈಗ ನಮ್ಮ ‘ಅನುಕೂಲ’ವನ್ನು ಬಿಡಿಸಿ ನೋಡಿ. ಸಂಸ್ಕೃತದಲ್ಲಿ ‘ಕೂಲ’ ಎಂದರೆ ದಡ. ದಡವನ್ನು ಅನುಸರಿಸಿ ಹೋಗುವುದು ಅನುಕೂಲ, ದಡಕ್ಕೆ ಎದುರಾದದ್ದು ಪ್ರತಿಕೂಲ. ಲ್ಯಾಟಿನಿನವರು ಬಂದರನ್ನು ನೋಡಿದರು, ನಮ್ಮವರು ದಡವನ್ನು ನೋಡಿದರು. ಒಬ್ಬರಿಂದೊಬ್ಬರು ಎರವಲು ಪಡೆಯದೆ, ಇಬ್ಬರೂ ನೀರಿನ ಮೇಲಿನ ಅನುಭವದಿಂದಲೇ ಒಳ್ಳೆಯ ಹೊತ್ತಿಗೆ ಹೆಸರು ತೆಗೆದರು. ‘ಆಪರ್ಚುನಿಟಿ’ಯನ್ನು ಕನ್ನಡಕ್ಕೆ ತರುವಾಗ ಅವಕಾಶ ಎನ್ನುವುದು ರೂಢಿಯಾಗಿದೆ. ಅನುಕೂಲ ಎಂದಿದ್ದರೆ ಗಾಳಿಯೂ ಉಳಿಯುತ್ತಿತ್ತು.

ವೈನಿನ ಕಥೆ ಚಿಕ್ಕದು. ಪೋರ್ಚುಗಲ್ಲಿನಲ್ಲಿ ದೌರೊ ನದಿ ಸಮುದ್ರ ಸೇರುವಲ್ಲಿ ಪೋರ್ಟೊ ಎಂಬ ನಗರವಿದೆ. ಆ ಹೆಸರಿಗೆ ಬಂದರು ಎಂದಷ್ಟೇ ಅರ್ಥ. ಅಲ್ಲಿಂದ ಹಡಗೇರುತ್ತಿದ್ದ ಸಿಹಿಯಾದ ಕೆಂಪು ಮದ್ಯಕ್ಕೆ 17ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷರು ಊರಿನ ಹೆಸರನ್ನೇ ಇಟ್ಟರು. 1703ರ ಒಪ್ಪಂದವೊಂದರಿಂದ ಪೋರ್ಚುಗಲ್ಲಿನ ಮದ್ಯಕ್ಕೆ ಇಂಗ್ಲೆಂಡಿನಲ್ಲಿ ಸುಂಕ ಇಳಿದದ್ದು ಅದರ ಬಳಕೆಯನ್ನು ಹೆಚ್ಚಿಸಿತು. ಹುದುಗುವಿಕೆಯ ನಡುವೆಯೇ ದ್ರಾಕ್ಷಿಯ ಬ್ರಾಂದಿ ಬೆರೆಸುವುದರಿಂದ ಅದರ ಸಿಹಿ ಉಳಿಯುತ್ತದೆ. ದೇಶದ ಹೆಸರೂ ಇದೇ ಮೂಲದ್ದು: ‘ಪೋರ್ಟುಸ್ ಕಾಲೆ’ ಎಂಬ ಹಳೆಯ ಬಂದರಿನ ಹೆಸರೇ ಪೋರ್ಚುಗಲ್ ಆಯಿತು. ಹೀಗೆ 1498ರಲ್ಲಿ ವಾಸ್ಕೊ ಡ ಗಾಮ ಮರುಪ್ರಯಾಣದಲ್ಲಿ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಲಂಗರು ಹಾಕಿದಾಗ, ಬಂದರಿನ ಹೆಸರು ಹೊತ್ತ ದೇಶವೊಂದು ನಮ್ಮ ಕೊಲ್ಲಿಯಲ್ಲಿ ಬಂದರು ಹುಡುಕಿಕೊಂಡು ಬಂದಂತಾಯಿತು.

ಇನ್ನು ಬಾಗಿಲಿನ ಪೋರ್ಟು. ಯುದ್ಧದ ಹಡಗುಗಳು ತೋಪುಗಳನ್ನು ಒಳಗಿನ ಅಟ್ಟಗಳಲ್ಲಿ ಇಡತೊಡಗಿದಾಗ, ಅವುಗಳ ಬಾಯಿ ಹೊರಚಾಚಲು ಹಡಗಿನ ಗೋಡೆಯಲ್ಲಿ ಕಿಂಡಿ ಕೊರೆದು ಅದಕ್ಕೊಂದು ಕದ ಹಾಕುತ್ತಿದ್ದರು. ಆ ಕಿಂಡಿಗೆ ಪೋರ್ಟ್ ಎಂದು ಹೆಸರು. ಇಂದಿನ ಹಡಗಿನ ದುಂಡನೆಯ ಗಾಜಿನ ಕಿಟಕಿಯಾದ ಪೋರ್ಟ್‌ಹೋಲ್ ಅದರ ಮುಂದುವರಿಕೆ. ಅಲ್ಲಿಂದ ಯಂತ್ರಗಳಿಗೆ, ಹಬೆ ಒಳಹೋಗುವ ಹೊರಬರುವ ದ್ವಾರಗಳಿಗೆ, ಕೊನೆಗೆ ಕಂಪ್ಯೂಟರಿಗೆ ಈ ಹೆಸರು ಹಬ್ಬಿತು. 1996ರಲ್ಲಿ ಬಂದ ಯುಎಸ್‌ಬಿ ಪೋರ್ಟ್ ಇಂದು ನಮ್ಮೆಲ್ಲರ ಕಿಸೆಯಲ್ಲಿದೆ. ಕಂಪ್ಯೂಟರಿನವರು ಇದನ್ನು ಬಂದರು ಎಂದು ತಿಳಿದು ಇಟ್ಟ ಹೆಸರಲ್ಲ. ಒಳಗು ಹೊರಗುಗಳ ನಡುವಿನ ಬಾಗಿಲು ಎಂದೇ ಇಟ್ಟದ್ದು.

ಇದನ್ನು ನಾನು ಕಣ್ಣಾರೆ ಕಂಡದ್ದು ಶಿರಸಿಯಲ್ಲಿ. ಅಡಕೆ ಸುಲಿಯುವ ದಿನಗಳಲ್ಲಿ ನನ್ನ ಫೋನು ಚಾರ್ಜ್ ಆಗುವುದನ್ನು ನಿಲ್ಲಿಸಿತು. ಪೇಟೆಯ ಸಣ್ಣ ಅಂಗಡಿಯೊಂದರಲ್ಲಿ ಕೊಟ್ಟಾಗ, ರಿಪೇರಿಯ ಹುಡುಗ ಭೂತಗನ್ನಡಿಯ ಕೆಳಗೆ ಅದನ್ನು ಹಿಡಿದು, ತೆಳುವಾದ ಸೂಜಿಯಿಂದ ಪೋರ್ಟಿನ ಮೂಲೆಯನ್ನು ಕೆದಕಿ, ಅಕ್ಕಿಕಾಳಿನಷ್ಟು ದೊಡ್ಡ ಕಂದು ನಾರಿನ ಉಂಡೆಯನ್ನು ಹೊರತೆಗೆದ. "ಪೋರ್ಟ್ ಹಾಳಾಗ್ಲಿಲ್ಲ ಮಾರಾಯ್ರೆ, ಬಾಗ್ಲಲ್ಲೇ ಕಸ ಕೂತಿತ್ತು" ಎಂದ. ಅಡಕೆ ಸಿಪ್ಪೆಯ ನಾರು ಅದು. ಪಿನ್ನು ಕೊನೆಯವರೆಗೆ ಹೋಗದ್ದರಿಂದ ಒಳಗಿನ ಲೋಹದ ಎಳೆಗಳಿಗೆ ತಾಗುತ್ತಿರಲಿಲ್ಲ, ಅಷ್ಟೇ. ಅವನು ಲ್ಯಾಟಿನ್ ಓದಿದವನಲ್ಲ. ಆದರೂ ‘ಪೋರ್ಟಾ’ ಪದಕ್ಕೆ ಅವನು ಕೊಟ್ಟ ಅನುವಾದ ನಿಘಂಟಿನಷ್ಟೇ ಸರಿಯಾಗಿತ್ತು. ಹಸು ನುಗ್ಗದಂತೆ ತೋಟದ ದಾರಿಗೆ ಬಿದಿರುಗಳ ದಣಪೆ ಹಾಕಿ, ಬೇಕಾದವರಿಗೆ ಮಾತ್ರ ಸರಿಸಿ ಬಿಡುವ ಊರಿನವರಿಗೆ ಕಂಪ್ಯೂಟರ್ ಜಾಲದ ಪೋರ್ಟ್ ಸಂಖ್ಯೆಗಳನ್ನು ವಿವರಿಸುವುದೂ ಕಷ್ಟವಲ್ಲ. ಒಂದು ಕಂಪ್ಯೂಟರಿಗೆ ಜಾಲದ ಕಡೆಗೆ 0ಯಿಂದ 65535ರವರೆಗೆ ಸಂಖ್ಯೆ ಬರೆದ ದಣಪೆಗಳಿವೆ ಎಂದುಕೊಳ್ಳಿ. ಸುರಕ್ಷಿತ ಜಾಲತಾಣದ ವ್ಯವಹಾರ 443ನೆಯದರಿಂದ, ಮಿಂಚಂಚೆಯ ರವಾನೆ 25ನೆಯದರಿಂದ, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು. ಫೈರ್‌ವಾಲ್ ಎಂಬ ಕಾವಲಿನ ವ್ಯವಸ್ಥೆ ಮಾಡುವುದು, ಯಾವುದನ್ನು ತೆರೆದಿಡಬೇಕು, ಯಾವುದನ್ನು ಮುಚ್ಚಬೇಕು ಎಂದು ನೋಡಿಕೊಳ್ಳುವ ಕೆಲಸ.

ಸಿಮ್ ಪೋರ್ಟ್ ಮಾಡಿಸುವುದರಲ್ಲಿ ಇರುವುದು ಮೂರನೆಯ ಒಡಹುಟ್ಟು, ಹೊರುವ ‘ಪೋರ್ಟಾರೆ’. ಸಂಖ್ಯೆ ಬದಲಿಸದೆ ಕಂಪನಿಯನ್ನು ಮಾತ್ರ ಬದಲಿಸುವ ಸೌಲಭ್ಯ ಭಾರತದಲ್ಲಿ 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಆರಂಭವಾಗಿ, 2011ರ ಜನವರಿ 20ರಂದು ದೇಶಕ್ಕೆಲ್ಲ ಬಂತು. ಪೋರ್ಟ್ ಎಂಬ ಪದವನ್ನೂ ತಮ್ಮ ಸಂಖ್ಯೆಯನ್ನೂ ಬರೆದು 1900ಕ್ಕೆ ಸಂದೇಶ ಕಳಿಸಿದವರೆಲ್ಲ ತಮ್ಮ ಸಂಖ್ಯೆಯನ್ನು ಹೊತ್ತುಕೊಂಡೇ ಹೊಸ ಮನೆಗೆ ಹೋದರು. ಒಳಗೆ ಹೊತ್ತು ತರುವುದು ಇಂಪೋರ್ಟ್, ಹೊರಗೆ ಹೊತ್ತೊಯ್ಯುವುದು ಎಕ್ಸ್‌ಪೋರ್ಟ್, ಸುದ್ದಿಯನ್ನು ಮರಳಿ ಹೊತ್ತು ತರುವುದು ರಿಪೋರ್ಟ್, ಕೆಳಗಿನಿಂದ ಹೊರುವುದು ಸಪೋರ್ಟ್. ಬಂದರಿನಲ್ಲಿ ನಡೆಯುವುದರಿಂದ ಇಂಪೋರ್ಟ್, ಎಕ್ಸ್‌ಪೋರ್ಟುಗಳಲ್ಲಿ ಇರುವುದು ಬಂದರೇ ಎಂದು ಅನೇಕರು ತಿಳಿಯುವುದುಂಟು; ಅದು ತಪ್ಪು. ಮನಸ್ಸನ್ನು ಕೆಲಸದಿಂದ ಆಚೆ ಹೊತ್ತೊಯ್ಯುವ ವಿನೋದಕ್ಕೆ ಫ್ರೆಂಚಿನಲ್ಲಿದ್ದ ‘ದೆಸ್ಪೋರ್’ ತಲೆ ಕಳೆದುಕೊಂಡು ‘ಸ್ಪೋರ್ಟ್’ ಆಯಿತು. ಎಲ್ಲಕ್ಕಿಂತ ತಮಾಷೆಯದು ‘ಪೋರ್ಟರ್’. ರೈಲು ನಿಲ್ದಾಣದಲ್ಲಿ ಪೆಟ್ಟಿಗೆ ಹೊರುವ ಪೋರ್ಟರ್ ‘ಪೋರ್ಟಾರೆ’ಯಿಂದ ಬಂದವನು, ಇಂಗ್ಲೆಂಡಿನ ಹಳೆಯ ಕಾಲೇಜುಗಳ ಹೆಬ್ಬಾಗಿಲಿನಲ್ಲಿ ಕೂರುವ ಪೋರ್ಟರ್ ‘ಪೋರ್ಟಾ’ದಿಂದ ಬಂದವನು. ಒಬ್ಬನ ಕೆಲಸ ಹೊರುವುದು, ಇನ್ನೊಬ್ಬನದು ಕಾಯುವುದು. ಹೆಸರು ಮಾತ್ರ ಒಂದೇ.

ಇನ್ನು ಉಳಿದದ್ದು ಹಡಗಿನ ಎಡಮಗ್ಗುಲು. ಇದನ್ನು ತಿಳಿಯಲು ಕಾರವಾರದ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಪಲ್ ಯುದ್ಧನೌಕೆಗಿಂತ ಒಳ್ಳೆಯ ಪಾಠಶಾಲೆ ಬೇಡ. ಅದರ ಮೇಲೆ ಹತ್ತಿ ಮೂತಿಯ ಕಡೆಗೆ ಮುಖಮಾಡಿ ನಿಂತರೆ ನಿಮ್ಮ ಎಡಗೈಯ ಕಡೆ ಇರುವುದು ಪೋರ್ಟ್. ಈಗ ಹಿಂದಿರುಗಿ ನಿಂತರೆ ನಿಮ್ಮ ಎಡ ಬದಲಾಯಿತು, ಆದರೆ ಹಡಗಿನ ಪೋರ್ಟ್ ಇದ್ದಲ್ಲೇ ಇದೆ. ಬಿರುಗಾಳಿಯಲ್ಲಿ ಹತ್ತು ಜನ ಹತ್ತು ದಿಕ್ಕಿಗೆ ಮುಖಮಾಡಿ ಕೆಲಸ ಮಾಡುವಲ್ಲಿ ಎಡ, ಬಲ ಎಂದು ಕೂಗಿದರೆ ಅನಾಹುತವಾಗುತ್ತದೆ ಎಂಬ ಕಾರಣಕ್ಕೆ ನಾವಿಕರಿಗೆ ಈ ಪ್ರತ್ಯೇಕ ಪದಗಳು ಬೇಕಾದವು.

ಹಳೆಯ ಉತ್ತರ ಯುರೋಪಿನ ಹಡಗುಗಳಿಗೆ ಹಿಂಬದಿಯ ನಡುವೆ ಚುಕ್ಕಾಣಿ ಇರಲಿಲ್ಲ. ದೊಡ್ಡ ಹುಟ್ಟೊಂದನ್ನು ಬಲಮಗ್ಗುಲಿಗೆ ಕಟ್ಟಿ ಅದರಿಂದಲೇ ದಿಕ್ಕು ತಿರುಗಿಸುತ್ತಿದ್ದರು, ಹೆಚ್ಚಿನವರ ಬಲಗೈಯೇ ಬಲವಾದದ್ದು ತಾನೆ. ಚುಕ್ಕಾಣಿ ಹಿಡಿಯುವ ಮಗ್ಗುಲು ಎಂಬರ್ಥದಲ್ಲಿ ಬಲಬದಿಗೆ ‘ಸ್ಟಾರ್‌ಬೋರ್ಡ್’ ಎಂದು ಹೆಸರಾಯಿತು. ಅದರಲ್ಲಿ ಕಾಣುವ ‘ಸ್ಟಾರ್’ ನಕ್ಷತ್ರವಲ್ಲ, ಕಾರಿನ ಸ್ಟೇರಿಂಗಿನ ಅಣ್ಣ. ಆ ಹುಟ್ಟು ಧಕ್ಕೆಗೆ ಬಡಿದು ಮುರಿಯಬಾರದಲ್ಲ. ಅದಕ್ಕೆ ಹಡಗನ್ನು ಎಡಮಗ್ಗುಲಿನಿಂದ ಧಕ್ಕೆಗೆ ತಾಗಿಸಿ, ಆ ಕಡೆಯಿಂದಲೇ ಸರಕು ಹೇರುತ್ತಿದ್ದರು. ಹೇರುವ ಮಗ್ಗುಲಾದ ಎಡಕ್ಕೆ ‘ಲಾರ್‌ಬೋರ್ಡ್’ ಎಂಬ ಹೆಸರು ಬಂತು. ಲಾರ್‌ಬೋರ್ಡ್, ಸ್ಟಾರ್‌ಬೋರ್ಡ್ ಎಂಬೆರಡನ್ನು ಗಾಳಿಯ ಅಬ್ಬರದಲ್ಲಿ ಒಮ್ಮೆ ಕೂಗಿ ನೋಡಿದರೆ ತೊಂದರೆ ಏನೆಂದು ತಿಳಿಯುತ್ತದೆ. ಎಡಕ್ಕೆ ಪೋರ್ಟ್ ಎನ್ನುವ ವಾಡಿಕೆ ನಾವಿಕರಲ್ಲಿ ಮೊದಲಿನಿಂದ ಇದ್ದೇ ಇತ್ತು. 1844ರಲ್ಲಿ ಬ್ರಿಟಿಷ್ ನೌಕಾಪಡೆ, 1846ರಲ್ಲಿ ಅಮೆರಿಕದ ನೌಕಾಪಡೆ ಆದೇಶ ಹೊರಡಿಸಿ ಲಾರ್‌ಬೋರ್ಡನ್ನು ಕೈಬಿಟ್ಟವು. ಬಂದರಿಗೆ ತಾಗುವ ಮಗ್ಗುಲು ಎಂದು ಪೋರ್ಟ್ ಎಂದರೋ, ಸರಕು ಹೇರುವ ಬಾಗಿಲು ಇರುವ ಮಗ್ಗುಲು ಎಂದು ಅಂದರೋ ಎಂಬಲ್ಲಿ ಎರಡು ವಿವರಣೆಗಳಿವೆ. ಮೊದಲನೆಯದು ‘ಪೋರ್ಟುಸ್’, ಎರಡನೆಯದು ‘ಪೋರ್ಟಾ’. ಒಡಹುಟ್ಟಿದವರು ಮತ್ತೆ ಒಂದೇ ಜಗಲಿಯಲ್ಲಿ ಭೇಟಿಯಾಗುವ ಜಾಗ ಇದು.

ರಾತ್ರಿಯಲ್ಲಿ ಈ ಪದಕ್ಕೆ ಬಣ್ಣವೂ ಇದೆ. ಹಡಗಿನ ಪೋರ್ಟ್ ಕಡೆ ಕೆಂಪು ದೀಪ, ಸ್ಟಾರ್‌ಬೋರ್ಡ್ ಕಡೆ ಹಸಿರು ದೀಪ. ಕತ್ತಲಲ್ಲಿ ಎದುರಿನ ಹಡಗಿನ ಕೆಂಪು ಮಾತ್ರ ಕಂಡರೆ ಅದು ತನ್ನ ಎಡಮಗ್ಗುಲನ್ನು ನಮಗೆ ತೋರಿಸುತ್ತ ಹಾಯುತ್ತಿದೆ. ಕೆಂಪು, ಹಸಿರು ಎರಡೂ ಕಂಡರೆ ನೇರ ನಮ್ಮ ಮೇಲೆಯೇ ಬರುತ್ತಿದೆ. ಬಂದರಿನ ದಾರಿ ತೋರಿಸಲು ನೀರಿನಲ್ಲಿ ತೇಲಿಬಿಟ್ಟ ಬೋಯಾಗಳಿಗೂ ಇದೇ ಲೆಕ್ಕ: ಭಾರತದಲ್ಲಿ ಕಡಲಿನಿಂದ ಒಳಬರುವಾಗ ಕೆಂಪು ಬೋಯಾ ಎಡಕ್ಕಿರುತ್ತದೆ, ಹಸಿರು ಬಲಕ್ಕೆ. ಅಮೆರಿಕ ಖಂಡಗಳಲ್ಲಿ ಮತ್ತು ಜಪಾನ್, ದಕ್ಷಿಣ ಕೊರಿಯ, ಫಿಲಿಪೈನ್ಸ್‌ಗಳಲ್ಲಿ ಇದು ತಿರುವುಮುರುವು.

ಈ ಎಡಮಗ್ಗುಲಿಗೆ ಅಂಟಿಕೊಂಡ ಕಟ್ಟುಕಥೆಯೊಂದು ನಮ್ಮ ದೇಶಕ್ಕೂ ಸಂಬಂಧಪಟ್ಟದ್ದು. ಇಂಗ್ಲೆಂಡಿನಿಂದ ಭಾರತಕ್ಕೆ ಬರುವಾಗ ಪೋರ್ಟ್ ಕಡೆಯ ಕೋಣೆಗಳಿಗೂ ಹಿಂದಿರುಗುವಾಗ ಸ್ಟಾರ್‌ಬೋರ್ಡ್ ಕಡೆಯವಕ್ಕೂ ಬಿಸಿಲು ಕಡಿಮೆ. ಸಿರಿವಂತರು ಅವನ್ನೇ ಕೊಳ್ಳುತ್ತಿದ್ದರು. ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿ, ಸಿರಿವಂತಿಕೆಯ ಠೀವಿಯನ್ನು ಹೇಳುವ ‘ಪಾಶ್’ ಎಂಬ ಪದವಾಯಿತು ಎನ್ನುತ್ತಾರೆ. ಕೇಳಲು ಸೊಗಸು. ಆದರೆ ಹಾಗೆ ಮುದ್ರೆ ಹೊತ್ತ ಒಂದು ಟಿಕೆಟ್ಟೂ ಸಿಕ್ಕಿಲ್ಲ, ಪದಮೂಲ ತಜ್ಞರು ಇದನ್ನು ಒಪ್ಪುವುದಿಲ್ಲ. ಮೊದಲಕ್ಷರ ಜೋಡಿಸಿ ಪದ ಹುಟ್ಟಿತೆನ್ನುವ ಹಳೆಯ ಕಥೆ ಯಾವುದೇ ಆಗಲಿ, ಅನುಮಾನದಿಂದಲೇ ಕೇಳುವುದು ಒಳ್ಳೆಯದು. ಅದೇ ರೀತಿ, ಪೋರ್ಟ್ ಎಂದು ಶುರುವಾದದ್ದೆಲ್ಲ ಈ ಬಳಗದ್ದಲ್ಲ. ಪಾಲು ಎಂಬರ್ಥದ ‘ಪೋರ್ಷನ್’ ಬೇರೆ ಮೂಲದ್ದು. ‘ಪೋರ್ಟ್ರೇಟ್’ ಎಳೆಯುವುದು, ಗೀಚುವುದು ಎಂಬುದರಿಂದ ಬಂದದ್ದು. ಸದಾಶಿವಗಡದ ‘ಫೋರ್ಟ್’ ಬಲಿಷ್ಠ ಎಂಬರ್ಥದ ಇನ್ನೊಂದು ಲ್ಯಾಟಿನ್ ಪದದ ಸಂತಾನ, ನಮ್ಮ ಬಾಯಲ್ಲಿ ಪ-ಫ ಕಲಸಿಹೋಗುವುದರಿಂದ ಮಾತ್ರ ಅದು ಪೋರ್ಟಿನ ಪಕ್ಕ ಬಂದು ಕೂತಿದೆ.

ಕೊನೆಯಲ್ಲಿ ನಮ್ಮ ಕಡೆಯ ಒಂದು ಪದ. ಹೊಳೆ ದಾಟಿಸುವ ದೋಣಿಗೂ, ದಾಟುವ ಜಾಗಕ್ಕೂ ಇಲ್ಲಿ ‘ತಾರಿ’ ಎನ್ನುತ್ತಾರೆ. ತದಡಿಯಿಂದ ಅಘನಾಶಿನಿಯ ಆಚೆ ದಡಕ್ಕೆ ತಾರಿಯಲ್ಲಿ ಹೋಗುವಾಗ, ಮೀನಿನ ಬುಟ್ಟಿ, ಶಾಲೆಯ ಚೀಲ, ಕೆಲವೊಮ್ಮೆ ಬೈಕು ಕೂಡ ಜನರ ಜೊತೆಗೇ ದೋಣಿ ಹತ್ತುತ್ತವೆ. ದಾಟುವುದೂ ಹೊರುವುದೂ ಅಲ್ಲಿ ಒಂದೇ ಕೆಲಸ. ಕುಮಟಾ ಸೀಮೆಯಲ್ಲಿ ಇದೇ ಹೊಳೆಯ ಮೇಲೆ ಹೆಗಡೆಯ ಕಡೆ ಇರುವ ಕಡವಿನ ಜಾಗಕ್ಕೆ ಜನ ಇಟ್ಟ ಹೆಸರು ‘ತಾರಿಬಾಗಿಲು’.